ಕೆಂಪು ಬಟ್ಟೆ ಕಟ್ಟಿದ ಹಣ್ಣು

ಹಿಂದಿನ ದಿನ ಮೇಕೆ ಪಾಲಿಹೌಸಿಗೆ ನುಗ್ಗಿ, ಅತ್ತೆಯ ಕಾಲದಿಂದ ಬಂದ ನಾಟಿ ಟೊಮೆಟೊ ಗಿಡಗಳನ್ನೆಲ್ಲ ಬೋಳಿಸಿತ್ತು. ಮೂಲೆಯಲ್ಲಿ ಒಂದೇ ಒಂದು ಹಣ್ಣು ಉಳಿದಿತ್ತು. ಬೀಜಕ್ಕೆ ಬಿಟ್ಟದ್ದನ್ನು ಯಾರೂ ಕೀಳಬಾರದೆಂದು ಅತ್ತೆ ಮಾಡುತ್ತಿದ್ದಂತೆಯೇ ಸರ್ವಮಂಗಳಾ ಅದಕ್ಕೆ ಕೆಂಪು ಬಟ್ಟೆ ಕಟ್ಟಿದಳು. ಹಳೆಯ ಬೀಜವೂ ಮುಗಿದಿತ್ತು. ಈ ಹಣ್ಣು ಹೋದರೆ ತಳಿಯೇ ಹೋದಂತೆ.

ಬೀಜ ಒಯ್ಯಲು ಬಂದ ತಳಿತಜ್ಞರು ಪಾಲಿಹೌಸೆಲ್ಲ ಸುತ್ತಾಡಿದರು. ಅವಳು ಮೇಕೆಹಾಲಿನ ಚಹಾ ಮಾಡಿ ತರುವಷ್ಟರಲ್ಲಿ ಅವರು ಹೊರಗೆ ಬಂದು, ಕಟ್ಟಿಹಾಕಿದ್ದ ಮೇಕೆಯ ಮುಂದೆ ಭಾಷಣ ಶುರುಮಾಡಿದ್ದರು. ಮೇಕೆ ಮೆಲುಕು ಹಾಕುತ್ತ ಶ್ರದ್ಧೆಯಿಂದ ಕೇಳುತ್ತಿತ್ತು.

“ನೋಡಮ್ಮಾ, ಇದಕ್ಕೇನು ಗೊತ್ತು ತಳಿಯ ಬೆಲೆ? ಬಾಯಿಗೆ ಹಾಕೋ ಮೊದಲು ಇದೇನು ಅಂತ ಒಂದು ಮಾತು ಕೇಳುತ್ತಾ?”

“ನನ್ನದೇ ತಪ್ಪು ಸಾರ್. ಬಾಗಿಲು ಭದ್ರ ಮಾಡ್ಬೇಕಿತ್ತು.”

“ಮತ್ತೆ? ತಳಿ ಕಾಯೋದು ಅಂದ್ರೆ ಮಕ್ಕಳಾಟ ಅಂದ್ಕೊಂಡ್ರಾ?”

“ಬೀಜಕ್ಕೆ ಅಂತ ಒಂದು ಹಣ್ಣು ಹೇಗೋ ಉಳಿಸ್ಕೊಂಡಿದೀನಿ ಸಾರ್. ಬನ್ನಿ, ತೋರಿಸ್ತೀನಿ.”

“ಕೆಂಪು ಬಟ್ಟೆ ಕಟ್ಟಿದ್ದು ತಾನೇ?” ತಜ್ಞರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. “ನನಗೇ ಅಂತ ಗುರುತು ಮಾಡಿಟ್ಟಿದ್ರಲ್ಲ, ಸಂಕೋಚ ಯಾಕೆ? ಒಂಚೂರು ಉಪ್ಪಿದ್ದಿದ್ರೆ ಇನ್ನೂ ರುಚಿಯಾಗಿರ್ತಿತ್ತು.”