ಮೈನಸ್ ಹನ್ನೊಂದು

ಕೃಷಿ ಸಂಶೋಧಕ ಡಾ. ಕೌಶಿಕ ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದಾಗ, ಹನಮಂತಪ್ಪ ಸಿಂಪಡಣೆಯ ಖಾಲಿ ಪಂಪಿನ ಮುಚ್ಚಳ ತೆಗೆದು ನಿಂತಿದ್ದ. ಸಂಶಿ ಊರಿನ ಅವನ ಎರಡೆಕರೆ ಮೆಣಸಿನಕಾಯಿಗೆ ಹಣ್ಣುಕೊಳೆ ಬಿದ್ದು ವಾರವಾಗಿತ್ತು. ಅಂಗಡಿಯ ಎಣ್ಣೆ, ಅಂದರೆ ರೋಗನಾಶಕ, ತಂದು ಹೊಡೆಯಬೇಕೆನ್ನುವಷ್ಟರಲ್ಲಿ, ಸಸ್ಯಮೂಲದ ಹೊಸ ಔಷಧ ಸಿಕ್ಕಿದೆ, ನಾಲ್ಕು ದಿನ ತಡೆಯಿರಿ ಎಂದು ಫೋನು ಮಾಡಿದವನು ಕೌಶಿಕನೇ.

"ಇದು ಶಿಲೀಂಧ್ರದ ಪ್ರೋಟೀನು," ಎಂದು ಪರದೆಯ ಮೇಲಿನ ಹಳದಿ ಮುದ್ದೆಯನ್ನು ತಿರುಗಿಸಿದ. "ಈ ಸಂದಿನ್ಯಾಗ ನಮ್ಮ ಹಸಿರು ಕಣ ಹೋಗಿ ಕೂತ್ರ ರೋಗದ ಆಟ ಮುಗೀತು. ನಲವತ್ತು ಸಾವಿರ ಸಸ್ಯ ಸಂಯುಕ್ತ ಹಚ್ಚಿ ನೋಡೇವಿ. ಎಷ್ಟು ಗಟ್ಟಿ ಕೂಡ್ತದ ಅನ್ನೂ ಲೆಕ್ಕದಾಗ ಇದಕ್ಕ ಮೈನಸ್ ಹನ್ನೊಂದು ಬಂತು!"

"ಮೈನಸ್ ಅಂದ್ರ ಕಡಿಮಿ ಬಿದ್ದಂಗಲ್ರಿ?" ಎಂದಳು ಹನಮಂತಪ್ಪನ ಹೆಂಡತಿ ದೇವಕ್ಕ.

"ಇದರಾಗ ಎಷ್ಟು ಕಡಿಮಿ ಬಂದ್ರ ಅಷ್ಟು ಚಲೋರಿ."

"ಹಂಗಾರ ಈ ವರ್ಷ ನಮ್ಮ ಬೆಳಿ ಅಗದಿ ಚಲೋ ಐತ್ರಿ."

ಹನಮಂತಪ್ಪ ಪಂಪನ್ನು ಮುಂದೆ ಸರಿಸಿದ. "ಹಾಕ್ರಿ ಸಾಹೇಬ್ರ, ಎಣ್ಣಿ."

"ಇನ್ನೂ ತಯಾರಾಗಿಲ್ರಿ. ಸದ್ಯ ಕಂಪ್ಯೂಟರಿನ್ಯಾಗ ಅಷ್ಟ ಅದ."

"ರೋಗ ಹೊಲದಾಗ ಐತ್ರಿ," ಎಂದಳು ದೇವಕ್ಕ. "ಯಾವ ಗಿಡದ್ದು ಹೇಳ್ರಿ. ನಾವ ಕುದಿಸಿ ಹೊಡಿತೀವಿ."

ಗಿಡದ ಹೆಸರನ್ನು ಕೌಶಿಕ ಇದುವರೆಗೂ ನೋಡಿರಲಿಲ್ಲ. ಅವನ ಪಾಲಿಗೆ ಅದು ೨೭,೧೧೪ನೇ ಸಂಯುಕ್ತ, ಅಷ್ಟೆ. ಪಟ್ಟಿಯನ್ನು ಕೊನೆಯ ಕಾಲಮ್ಮಿನವರೆಗೆ ಸರಿಸಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ತಲೆಯೆತ್ತಿ ಹೊಲವನ್ನು ನೋಡಿದ.

"ಮೆಣಸಿನಕಾಯಿ ಗಿಡ," ಎಂದ ಮೆಲ್ಲಗೆ.

ದೇವಕ್ಕ ಕೈಗೆ ಸಿಕ್ಕ ಹಣ್ಣೊಂದನ್ನು ಕಿತ್ತು ಅವನ ಮುಂದೆ ಹಿಡಿದಳು. ಕಪ್ಪು ಉಂಗುರದ ಕೊಳೆ ಅದರ ಅರ್ಧವನ್ನು ತಿಂದಿತ್ತು. "ಔಷಧ ಇದರ ಹೊಟ್ಟ್ಯಾಗ ಐತೇನ್ರಿ? ಮತ್ತ ಈ ರೋಗಕ್ಕ ನಿಮ್ಮ ಮೈನಸ್ ಹನ್ನೊಂದು ಯಾರೂ ಹೇಳಿಲ್ಲೇನು?"

"ಗಿಡದಾಗ ಅದರ ಪ್ರಮಾಣ ಭಾಳ ಕಡಿಮಿ ಇರ್ತದರಿ…"

"ಕಡಿಮಿ ಆದಷ್ಟು ಚಲೋ ಅಂದ್ರೆಲ್ಲ!" ಆಕೆ ಗಂಡನತ್ತ ತಿರುಗಿದಳು. "ಏನ್ ನೋಡ್ಕೋತ ನಿಂತಿ? ನಾಕ ದಿನ ಕಳಕೊಂಡಿದ್ದು ಸಾಕು. ಅಂಗಡಿಗಿ ನಡಿ. ಉಳದಷ್ಟಾದ್ರೂ ಉಳೀಲಿ."

ಹನಮಂತಪ್ಪ ಓಡಿದ. ಕೌಶಿಕ ಸಿಗ್ನಲ್ ಹುಡುಕುತ್ತ ಹೊಲದ ನಡುವಿಗೆ ನಡೆದು, ತನ್ನ ಪ್ರೊಫೆಸರರಿಗೆ ಫೋನು ಹಚ್ಚಿದ. ಉದುರಿ ಬಿದ್ದ ಹಣ್ಣುಗಳು ಅವನ ಬೂಟಿನಡಿ ಪಿಚಕ್ಕೆನ್ನುತ್ತಿದ್ದವು.

"ಭೇಟಿ ಚಲೋ ಆತು ಸರ್. ಕಚ್ಚಾಮಾಲಿನ ಚಿಂತಿನ ಇಲ್ಲ. ರೈತರ ಹೊಲದಾಗ ಬೇಕಾದಷ್ಟು ಬಿದ್ದದ."