ಗೆರೆ ಇಲ್ಲದ ಕನ್ನಡಕ

ಯುದ್ಧ ಮುಗಿದಾಗ ದೇಶದಲ್ಲಿ ಗಾಜು ಅಂತ ಉಳಿದದ್ದು ಬಂದೂಕಿನ ದುರ್ಬೀನುಗಳದ್ದು ಮಾತ್ರ. ಹಾಗಾಗಿ ಎಲ್ಲರ ಕನ್ನಡಕದಲ್ಲೂ ಗುರಿ ಹಿಡಿಯುವ ಅಡ್ಡಗೆರೆ, ಉದ್ದಗೆರೆ ಇರುತ್ತಿದ್ದವು. ಜನ ಅವುಗಳ ನಡುವೆಯೇ ಅಕ್ಕಿ ಆರಿಸುತ್ತಿದ್ದರು, ಬಸ್ಸಿನ ಬೋರ್ಡು ಓದುತ್ತಿದ್ದರು.

ಸೈನ್ಯದಲ್ಲಿ ಆ ಗೆರೆಗಳನ್ನು ನೇರ ಮಾಡುವುದೇ ನನ್ನ ಕೆಲಸವಾಗಿತ್ತು. ಗುರಿ ಇಟ್ಟಾಗ ಅವು ಎಂಥೆಂಥವರ ಹಣೆಯ ಮೇಲೆ ಕೂರುತ್ತವೆಂದು ನನಗೆ ಚೆನ್ನಾಗಿ ಗೊತ್ತು. ನಿವೃತ್ತಳಾದ ಮೇಲೆ ಬೆಳಗಾವಿಯ ಒಂದು ಕನ್ನಡಕದಂಗಡಿಗೆ ಕೆಲಸ ಕೇಳಿಕೊಂಡು ಹೋದೆ.

“ಅಲ್ಲಿ ಮಾಡಿದ್ದನ್ನ ಇಲ್ಲೂ ಮಾಡ್ರಿ, ಹವಾಲ್ದಾರ್ ಬಾಯಾರ,” ಎಂದ ಮಾಲೀಕ ಪಟ್ಟೇದ, ಮಗು ಎತ್ತಿಕೊಂಡು ನಿಂತಿದ್ದ ತಾಯಿಯೊಬ್ಬಳನ್ನು ತೋರಿಸಿ. “ಈಕಿ ಚಷ್ಮಾದಾಗ ಗೆರಿ ಸೊಟ್ಟ ಆಗ್ಯಾವ.”

ನಾನು ಪಾಲಿಶ್ ಪುಡಿ ಹಾಕಿ ತಿಕ್ಕಿ, ಗೆರೆಗಳನ್ನು ಅಳಿಸಿಯೇ ಬಿಟ್ಟೆ.

ಪಟ್ಟೇದ ಹೌಹಾರಿದ. “ಏನ್ ಮಾಡಿದ್ರಿ! ಮತ್ತ ಯುದ್ಧ ಬಂದ್ರ ಈ ಗಾಜು ವಾಪಸ್ ಕೊಡಬೇಕ್ರಿ. ಗೆರಿ ಇಲ್ಲಂದ್ರ ಸೈನ್ಯದವರು ತಗೊಳ್ಳಂಗಿಲ್ಲ!”

“ಬ್ಯಾಡ ಬಿಡ್ರಿ. ಯುದ್ಧಕ್ಕ ಒಂದು ದುರ್ಬೀನು ಕಡಿಮಿ ಬೀಳಲಿ.”

“ನಿಮಗ ಇಲ್ಲಿ ಕೆಲಸ ಇಲ್ಲ!”

“ಹೊರಗ ಕಟ್ಟಿ ಮ್ಯಾಲ ಕುಂತು ಇದನ್ನ ಮಾಡ್ತೇನಿ.”

ಅಷ್ಟರಲ್ಲಿ ಆ ತಾಯಿ ಕನ್ನಡಕ ಹಾಕಿಕೊಂಡು ಮಗುವನ್ನು ನೋಡಿದಳು. ಅದು ಹುಟ್ಟಿದಾಗಿನಿಂದ ಅದರ ಹಣೆಯ ಮೇಲೆ ಕಾಣುತ್ತಿದ್ದ ಗೆರೆಗಳನ್ನು ಹುಡುಕುತ್ತ, ಆ ಹಣೆಯನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಸವರಿದಳು.