ಬೀದಿಗೆ ಬಿದ್ದ ನೀಲಿ ಗುರುತು

ಅಜ್ಜಿಯ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಸ್ಕೇಟ್ಸ್ ಕಟ್ಟಿಕೊಂಡು ಕೂತ ಗುಬ್ಬಿ ಏಳಲೇ ಇಲ್ಲ. ಶಾಲೆಯ ನುಣುಪು ನೆಲದ ಮೇಲೆ ಅವಳು ಮೀನಿನ ಹಾಗೆ ಜಾರುತ್ತಿದ್ದಳು. ಈ ಇಳಿಜಾರು ಬೀದಿಯಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿ ಮಂಡಿ ತರಚಿಕೊಂಡಿದ್ದಳು. “ಇನ್ನೊಂದು ಗಾಯ ಕಂಡ್ರೆ ಸ್ಕೇಟ್ಸ್ ಅಟ್ಟಕ್ಕೆ,” ಎಂದು ಅಪ್ಪ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿ ಹೋಗಿದ್ದ.

“ಎಲ್ಲೆಲ್ಲಿ ಬೀಳ್ತೀಯ, ಅದನ್ನ ಹೇಳು,” ಎಂದಳು ಅಜ್ಜಿ, ಮಿಷಿನ್ನಿನಿಂದ ತಲೆ ಎತ್ತದೆ.

“ಎಲ್ಲಾ ಕಡೆ! ಅಲ್ಲಿ ಜಲ್ಲಿ, ಆಮೇಲೆ ರಸ್ತೆ ಉಬ್ಬು, ಆಮೇಲೆ ಮೋರಿ ಮೇಲಿನ ಕಂಬಿ. ಜಲ್ಲಿ ಕಂಡ್ರೆ ಸುತ್ತಿ ಹೋಗ್ಬೇಕು, ಉಬ್ಬಿಗೆ ಮಂಡಿ ಮಡಚ್ಬೇಕು, ಕಂಬಿ ಮೇಲೆ ಕಾಲು ಒಂದು ಮುಂದೆ, ಒಂದು ಹಿಂದೆ. ಎಲ್ಲಾ ಬಾಯಿಪಾಠ ಅಜ್ಜಿ. ಜೋರಾಗಿ ಹೋಗುವಾಗ ಒಂದೂ ತಲೆಗೆ ಬರಲ್ಲ!”

ಅಜ್ಜಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ತೆಗೆದುಕೊಂಡು ಬೀದಿಗಿಳಿದಳು. ಸೊಂಟದ ಮೇಲೊಂದು ಕೈ ಇಟ್ಟು, ಬಗ್ಗುತ್ತ ಏಳುತ್ತ ಹೊರಟವಳನ್ನು ನೋಡಿ ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ.

“ಏನಜ್ಜಿ, ರಸ್ತೆಗೇ ಅಂಗಿ ಹೊಲೀತೀರಾ?”

“ಅಳತೆ ಆಯ್ತಪ್ಪ. ಬಟ್ಟೆ ನೀನು ಕೊಡಿಸು.”

ಗುಬ್ಬಿ ಎದ್ದು ನಿಂತು ಕಣ್ಣು ಹಾಯಿಸಿದಳು. ಜಲ್ಲಿಗೆ ನಾಲ್ಕು ಮಾರು ಮುಂಚೆಯೇ ಕತ್ತರಿ ಗುರುತು: ಇಲ್ಲಿ ಬಟ್ಟೆ ಹಾಳಾಗಿದೆ, ಬಿಟ್ಟು ಹೋಗು. ಉಬ್ಬಿಗೆ ಮುಂಚೆ ಉದ್ದ ಗೀಟು: ಇಲ್ಲಿ ಮಡಚು. ಕಂಬಿಗೆ ಮುಂಚೆ ಒಂದರ ಹಿಂದೊಂದು ಚಿಕ್ಕ ಗೀಟುಗಳು: ಇಲ್ಲಿ ಹೊಲಿಗೆ. ಅ ಆ ಇ ಈ ಕಲಿಯುವ ಮೊದಲೇ, ಮಿಷಿನ್ನಿನ ಕೆಳಗೆ ಆಡುತ್ತ ಅವಳು ಕಲಿತ ಅಕ್ಷರಗಳು ಇವು.

ಗುಬ್ಬಿ ಹೊರಟಳು. ಕತ್ತರಿ ಕಂಡಿತು, ಮೈ ತಾನಾಗಿ ಬಲಕ್ಕೆ ವಾಲಿತು. ಗೀಟು ಕಂಡಿತು, ಮಂಡಿ ಮಡಚಿಕೊಂಡಿತು. ಉಬ್ಬು ಕಾಲಡಿ ಅಲೆಯ ಹಾಗೆ ಸರಿಯಿತು. ಹೊಲಿಗೆ ಕಂಡಿತು, ಒಂದು ಕಾಲು ಮುಂದೆ, ಒಂದು ಹಿಂದೆ. ಕಂಬಿ ಗಡಗಡ ಎಂದಿತು, ಗಾಲಿ ಸಿಕ್ಕಿಕೊಳ್ಳಲಿಲ್ಲ. “ಬಂದೇ ಅಜ್ಜೀ!” ಎಂದು ಅವಳು ಕೂಗಿದ್ದು ಕೇಳಿ ಇಡೀ ಬೀದಿ ತಿರುಗಿ ನೋಡಿತು.

ಕೆಳಗೆ ನಿಂತಿದ್ದ ಅಜ್ಜಿಗೆ ಸಂತೋಷ ತಡೆಯಲಾಗಲಿಲ್ಲ. ಎರಡೂ ಕೈ ಚಾಚಿ ರಸ್ತೆಯ ನಟ್ಟನಡುವೆ ಓಡಿ ಬಂದುಬಿಟ್ಟಳು. ಗುಬ್ಬಿ ಹಿಮ್ಮಡಿಯ ಬ್ರೇಕ್ ಒತ್ತುವಷ್ಟರಲ್ಲಿ ಧೊಪ್! ಕೆಳಗೆ ಅಜ್ಜಿ, ಮೇಲೆ ಮೊಮ್ಮಗಳು. ಇಬ್ಬರಿಗೂ ಏಳಲಾಗದಷ್ಟು ನಗು.

ಅದೇ ಹೊತ್ತಿಗೆ ಕೆಲಸ ಮುಗಿಸಿ ಬರುತ್ತಿದ್ದ ಅಪ್ಪ ಸೈಕಲ್ ಬಿಸಾಕಿ ಓಡಿಬಂದ. ಮಗಳ ಮಂಡಿ ನೋಡಿದ, ಅಂಗೈ ನೋಡಿದ. ಒಂದು ಗೀರೂ ಇಲ್ಲ. ಆಮೇಲೆ ತಾಯಿಯ ಮೊಣಕೈ ಕಂಡಿತು.

“ಅಮ್ಮಾ! ರಕ್ತ!”

“ಗಾಯ ನಂದು ಕಣೋ,” ಎಂದಳು ಅಜ್ಜಿ, ಧೂಳು ಕೊಡವಿಕೊಳ್ಳುತ್ತ. “ಅಟ್ಟಕ್ಕೆ ಹಾಕೋದಾದ್ರೆ ನನ್ನನ್ನ ಹಾಕು.”

ಅಪ್ಪ ಇಳಿಜಾರಿನುದ್ದಕ್ಕೂ ಬಿದ್ದಿದ್ದ ನೀಲಿ ಗುರುತುಗಳನ್ನು ಒಂದೊಂದಾಗಿ ನೋಡಿದ. ಅವನೂ ಅದೇ ಮಿಷಿನ್ನಿನ ಕೆಳಗೆ ಆಡಿ ಬೆಳೆದವನು. ತಾಯಿಯ ಕೈಯಿಂದ ಚಾಕ್ ತೆಗೆದುಕೊಂಡು, ಅವಳು ನಿಂತಿದ್ದ ಜಾಗಕ್ಕೆ ನಾಲ್ಕು ಮಾರು ಮುಂಚೆ, ದೊಡ್ಡದೊಂದು ಕತ್ತರಿ ಗುರುತು ಎಳೆದ.